ಅಡಿಕೆ ತೋಟಕ್ಕೆ ಕಾರ್ಬನ್ ಫೈಬರ್ ದೋಟಿ: ಕೊಳ್ಳುವ ಮೊದಲು ಗಾರೆ ಕೆಲಸದ ಸಂಬಳ ಕೇಳಿ

ಮರ ಹತ್ತದೆ ಅಡಿಕೆ ಕೊಯ್ಲಿಗೂ ಕೊಳೆರೋಗದ ಮದ್ದು ಬಿಡುವುದಕ್ಕೂ ಒದಗುವ ಕಾರ್ಬನ್ ಫೈಬರ್ ದೋಟಿ ಈಗ ಪುತ್ತೂರು, ಸುಳ್ಯ, ಬಂಟ್ವಾಳದಿಂದ ತೀರ್ಥಹಳ್ಳಿ, ಸಾಗರ, ಶಿರಸಿಯವರೆಗೆ ಪರಿಚಿತ ಸಲಕರಣೆ. ಅಂಗಡಿಗೆ ಹೋದವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಅಡಿ, ಎಷ್ಟು ರೂಪಾಯಿ. ಇವೆರಡಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರ ಸಿಗುವುದಿಲ್ಲ. ನಿಮ್ಮೂರಿನಲ್ಲಿ ಗಾರೆ ಕೆಲಸದ ಆಳಿಗೆ ದಿನದ ಸಂಬಳ ಎಷ್ಟು? ಈ ದೋಟಿ ನಿಮಗೆ ಲಾಭವೋ ನಷ್ಟವೋ ಎಂಬುದು ಬಹುಪಾಲು ಆ ಅಂಕಿಯ ಮೇಲೆ ನಿಂತಿದೆ. ಹಾಗಾಗಿ ಈ ವಿಮರ್ಶೆಯಲ್ಲಿ ದೋಟಿಯ ಗುಣದೋಷ ಎಷ್ಟಿದೆಯೋ ಕೂಲಿಯ ಲೆಕ್ಕವೂ ಅಷ್ಟೇ ಇದೆ.

ಮೊದಲು ಸಲಕರಣೆಯ ವಿಚಾರ. ದೋಟಿ ಎಂದರೆ ಒಂದರೊಳಗೊಂದು ಕೂರುವ ಕೊಳವೆಗಳ ಸಾಲು. ಮಡಚಿದಾಗ ಆಳೆತ್ತರ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಎಳೆದಾಗ ಮಾದರಿ ನೋಡಿ 40, 50, 60 ಅಡಿ, ಕೆಲವು ಅದಕ್ಕೂ ಮೇಲೆ. ಪ್ರತಿ ಕೊಳವೆಯ ಬಾಯಲ್ಲಿ ಮಡಚುವ ಸನ್ನೆಯ (ಲಿವರ್‌ನ) ಲಾಕ್. ತುದಿಗೆ ಕೊಯ್ಲಿನ ಕತ್ತಿ ಅಥವಾ ಸಿಂಪಡಣೆಯ ನಾಜಲ್. ಅಲ್ಯೂಮಿನಿಯಂ ದೋಟಿಯಿಂದ ಇದು ಬೇರೆಯಾಗುವುದು ಎರಡು ಗುಣದಲ್ಲಿ: ತೂಕ ಕಡಿಮೆ, ಬಿಗುವು ಜಾಸ್ತಿ. ಹಗುರ ಎಂದ ಮಾತ್ರಕ್ಕೆ ಒಳ್ಳೆಯದು ಎಂದುಕೊಳ್ಳಬಾರದು. ಹಗುರವಾಗಿದ್ದೂ ತುದಿ ಓಲಾಡದೆ ನಿಂತರೆ ಮಾತ್ರ ಕತ್ತಿಯನ್ನು ಗೊನೆಯ ಬುಡಕ್ಕೆ ಸರಿಯಾಗಿ ಕೂರಿಸಲು ಸಾಧ್ಯ. 60 ಅಡಿಯ ತುದಿ ಒಂದೂವರೆ ಅಡಿ ಆಚೀಚೆ ಆಡುತ್ತಿದ್ದರೆ ಕೊಯ್ಯುವವನ ಅರ್ಧ ಹೊತ್ತು ಗುರಿ ಹಿಡಿಯುವುದರಲ್ಲೇ ಕಳೆಯುತ್ತದೆ.

ಮಾರುಕಟ್ಟೆಯಲ್ಲಿ ‘ಕಾರ್ಬನ್’ ಎಂದು ಮಾರುವ ಎಲ್ಲವೂ ಪೂರ್ತಿ ಕಾರ್ಬನ್ ಅಲ್ಲ. ಗಾಜಿನ ನಾರು ಬೆರೆಸಿದ ಕೊಳವೆಗಳಿವೆ. ಅವು ಅಗ್ಗ, ತೂಕ ಜಾಸ್ತಿ, ಬಾಗುವುದೂ ಜಾಸ್ತಿ. ಮೇಲಿನ ಬಣ್ಣ ನೋಡಿ ಗುರುತಿಸಲಾಗದು. ತೂಕದ ಯಂತ್ರದ ಮೇಲೆ ಇಡಿ. ಒಂದೇ ಉದ್ದದ ಎರಡು ಕಂಪನಿಯ ದೋಟಿಯನ್ನು ಪಕ್ಕಪಕ್ಕದಲ್ಲಿ ಪೂರ್ತಿ ಎಳೆದು ನಿಲ್ಲಿಸಿ, ಬುಡವನ್ನು ಒಂದೇ ರೀತಿ ಅಲುಗಿಸಿ, ಯಾವುದರ ತುದಿ ಬೇಗ ಸುಮ್ಮನಾಗುತ್ತದೆ ನೋಡಿ. ಬೇಗ ಸುಮ್ಮನಾಗುವುದನ್ನು ತೆಗೆದುಕೊಳ್ಳಿ. ಪರೀಕ್ಷೆ ಮಾಡಲು ಬಿಡದ ಅಂಗಡಿಯಲ್ಲಿ ಇಷ್ಟು ದುಡ್ಡಿನ ವಸ್ತು ಕೊಳ್ಳುವ ಅಗತ್ಯವಿಲ್ಲ.

ಎಳೆಯುವುದಕ್ಕೂ ಒಂದು ಕ್ರಮವಿದೆ. ದೋಟಿಯನ್ನು ಮಡಚಿದ ಸ್ಥಿತಿಯಲ್ಲೇ ನೆಟ್ಟಗೆ ನಿಲ್ಲಿಸಿ, ಎಲ್ಲಕ್ಕಿಂತ ಸಪೂರದ ಕೊಳವೆಯನ್ನು ಮೊದಲು ಮೇಲಕ್ಕೆ ಎಳೆದು ಲಾಕ್ ಮಾಡಬೇಕು, ಆಮೇಲೆ ಅದರ ಹೊರಗಿನದ್ದು, ಹೀಗೆ. ಆಗ ಲಾಕ್‌ಗಳು ಯಾವತ್ತೂ ಕೈಗೆಟಕುವ ಎತ್ತರದಲ್ಲೇ ಇರುತ್ತವೆ. ಇಳಿಸುವಾಗ ತಿರುಗುಮುರುಗು: ದಪ್ಪನೆಯದು ಮೊದಲು. ನೆಲದ ಮೇಲೆ ಪೂರ್ತಿ ಉದ್ದ ಎಳೆದು ಬುಡ ಹಿಡಿದು ಎತ್ತಲು ಹೋಗುವುದು ದೊಡ್ಡ ತಪ್ಪು. ಐದು ಕಿಲೋದ ದೋಟಿಯಾದರೂ ಅಷ್ಟುದ್ದಕ್ಕೆ ಬುಡದ ಕೊಳವೆಯ ಮೇಲೆ ಬೀಳುವ ಸೆಳೆತ ವಿಪರೀತ. ಕೊಳವೆ ಲಾಕ್‌ನ ಪಕ್ಕದಲ್ಲೇ ಸೀಳುತ್ತದೆ. ಲಾಕ್ ಸಡಿಲ ಇದ್ದರೆ ಮೇಲಿನ ಕೊಳವೆಗಳು ಒಮ್ಮೆಲೇ ಜಾರಿ ಬೆರಳು ಸಿಕ್ಕಿಬೀಳುವುದೂ ಉಂಟು. ಬೆಳಗ್ಗೆ ಕೆಲಸಕ್ಕೆ ಮೊದಲು ಪ್ರತಿ ಲಾಕ್‌ನ ತಿರುಪನ್ನು ಒಮ್ಮೆ ಬಿಗಿ ಮಾಡುವುದು ಎರಡು ನಿಮಿಷದ ಕೆಲಸ.

ಈಗ ಕೂಲಿಗೆ ಬರೋಣ. ಮರ ಹತ್ತುವವರ ಸಂಬಳ ಏಕೆ ಏರುತ್ತಿದೆ ಎಂದರೆ ‘ಜನ ಸಿಗುವುದಿಲ್ಲ’ ಎಂಬ ಉತ್ತರ ತಕ್ಷಣ ಬರುತ್ತದೆ. ಅದು ಅರ್ಧ ಉತ್ತರ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಮರ ಹತ್ತುವ ಕೆಲಸ ಮೂವತ್ತು ವರ್ಷದ ಹಿಂದೆ ಹೇಗಿತ್ತೋ ಈಗಲೂ ಹಾಗೇ ಇದೆ. ಅಂದು ಒಬ್ಬ ದಿನಕ್ಕೆ ಎಷ್ಟು ಮರ ಮಾಡುತ್ತಿದ್ದನೋ ಇಂದೂ ಹೆಚ್ಚುಕಡಿಮೆ ಅಷ್ಟೇ. ಕೆಲಸದ ವೇಗ ಹೆಚ್ಚದಿದ್ದರೂ ಸಂಬಳ ಏರಿದೆ, ಏರಲೇಬೇಕಿತ್ತು. ಏಕೆಂದರೆ ಅದೇ ಮನುಷ್ಯನ ಮುಂದೆ ಬೇರೆ ದಾರಿಗಳಿವೆ: ಗಾರೆ ಕೆಲಸ, ರಬ್ಬರ್ ಟ್ಯಾಪಿಂಗ್, ಬೆಂಗಳೂರಿನ ಹೋಟೆಲು, ಮಂಗಳೂರಿನ ಡೆಲಿವರಿ, ಕೊಲ್ಲಿ ದೇಶ. ಅಲ್ಲಿನ ದುಡಿಮೆಗೆ ಸಿಗುವ ಹಣ ಏರಿದ ಹಾಗೆ, ಅವನನ್ನು ತೋಟದಲ್ಲಿ ಉಳಿಸಿಕೊಳ್ಳಲು ಇಲ್ಲೂ ಏರಿಸಬೇಕಾಗುತ್ತದೆ. ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಸಂಗೀತ, ನಾಟಕದಂಥ ಕಲೆಗಳ ಖರ್ಚನ್ನು ಅಭ್ಯಾಸ ಮಾಡಿ ಇದೇ ಮಾತನ್ನು ಹೇಳಿದ್ದರು. ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ನೂರು ವರ್ಷದ ನಂತರವೂ ನಾಲ್ವರೇ ಬೇಕು, ಅಷ್ಟೇ ಹೊತ್ತು ಬೇಕು. ಆದರೆ ಕಾರ್ಖಾನೆಯಲ್ಲಿ ಉತ್ಪಾದನೆ ಹೆಚ್ಚಿ ಸಂಬಳ ಏರಿದರೆ ಅವರಿಗೂ ಹೆಚ್ಚು ಕೊಡಬೇಕು. ಅಡಿಕೆ ಮರದ ಬುಡದಲ್ಲಿ ನಿಂತು ನೋಡಿದರೂ ಕಾಣುವುದು ಇದೇ.

ಕರಾವಳಿಯಲ್ಲಿ ಈ ಒತ್ತಡ ಬರುವುದು ಮುಖ್ಯವಾಗಿ ದಕ್ಷಿಣದಿಂದ. ರಿಸರ್ವ್ ಬ್ಯಾಂಕಿನ ರಾಜ್ಯವಾರು ಅಂಕಿಅಂಶಗಳಲ್ಲಿ 2022-23ಕ್ಕೆ ಕೇರಳದ ಗ್ರಾಮೀಣ ಕಟ್ಟಡ ಕಾರ್ಮಿಕನ ಸರಾಸರಿ ದಿನಗೂಲಿ 852.5 ರೂಪಾಯಿ, ದೇಶದ ಸರಾಸರಿ 393.3. ಅದೇ ವರ್ಷ ಕೇರಳದ ಕೃಷಿ ಕೂಲಿ 764.3, ದೇಶದ ಸರಾಸರಿ 345.7. ಈ ನಾಲ್ಕು ಅಂಕಿಯನ್ನು ಒಂದಕ್ಕೊಂದು ಭಾಗಿಸಿ ನೋಡಿ. ಕೇರಳದಲ್ಲಿ ಕೃಷಿ ಕೂಲಿ ಕಟ್ಟಡದ ಕೂಲಿಯ ಶೇ. 90ರಷ್ಟು, ದೇಶದ ಲೆಕ್ಕದಲ್ಲಿ ಶೇ. 88ರಷ್ಟು. ಕೂಲಿಯ ಮಟ್ಟ ಎರಡು ಪಟ್ಟಿಗಿಂತ ಹೆಚ್ಚು ಬೇರೆ, ಆದರೆ ಎರಡು ಕೆಲಸಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ. ಒಂದು ಊರಿನಲ್ಲಿ ಕಟ್ಟಡದ ಕೆಲಸ ಎಷ್ಟು ಕೊಡುತ್ತದೋ ಹೊಲ ತೋಟಗಳೂ ಅದರ ಹತ್ತಿರ ಹತ್ತಿರ ಕೊಡಲೇಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ. ಕೇರಳದ ಕಟ್ಟಡದ ಕೂಲಿ ಅಷ್ಟು ಮೇಲೇರಲು ಕೊಲ್ಲಿಗೆ ಹೋದವರು ಕಳುಹಿಸಿದ ಹಣದಲ್ಲಿ ಎದ್ದ ಮನೆಗಳು ಒಂದು ಕಾರಣ, ದುಡಿಯುವ ಪ್ರಾಯದವರು ಊರು ಬಿಟ್ಟದ್ದು ಇನ್ನೊಂದು. ಸುಳ್ಯ, ಪುತ್ತೂರು, ಬಂಟ್ವಾಳ ಕಾಸರಗೋಡಿಗೆ ತಾಗಿಕೊಂಡಿವೆ. ಬಸ್ಸಿಗೆ ಒಂದು ಗಂಟೆಯ ದಾರಿಯಲ್ಲಿ ಹೆಚ್ಚು ಸಿಗುವಾಗ ಗಡಿಯ ಈಚೆಗೆ ಕಡಿಮೆಗೆ ಯಾರೂ ಬರುವುದಿಲ್ಲ.

ನರೇಗಾ ಕೂಲಿಯಿಂದಾಗಿ ಹೀಗಾಯಿತು ಎಂಬ ದೂರನ್ನು ಅಡಿಕೆ ಬೆಳೆಗಾರರ ಸಭೆಗಳಲ್ಲಿ ಕೇಳಬಹುದು. ಕರ್ನಾಟಕದಲ್ಲಿ ಆ ಕೂಲಿ 2023-24ರಲ್ಲಿ 316, 2024-25ರಲ್ಲಿ 349, 2025-26ರಲ್ಲಿ 370 ರೂಪಾಯಿ. ಕರಾವಳಿಯಲ್ಲಿ ಗಂಡಾಳಿನ ಸಂಬಳ ಅದಕ್ಕಿಂತ ಎಷ್ಟೋ ಮೇಲಿದೆ. ಅಲ್ಲಿ ಮರ ಹತ್ತುವವನ ದರವನ್ನು ನರೇಗಾ ತಳ್ಳಿತು ಎನ್ನಲು ಆಧಾರವಿಲ್ಲ. ಖಾಸಗಿ ಕೂಲಿ ಅದಕ್ಕಿಂತ ಕೆಳಗಿದ್ದ ಬಯಲುಸೀಮೆಯ ಮಾತು ಬೇರೆ. ಆಂಧ್ರದಲ್ಲಿ ನರೇಗಾ ಪಾವತಿಯನ್ನು ಸರಿಪಡಿಸಿದ ಮಂಡಲಗಳಲ್ಲಿ ಕೂಲಿಕಾರರ ಆದಾಯ ಹೆಚ್ಚಿತು, ಆ ಹೆಚ್ಚಳದ ಬಹುಪಾಲು ಬಂದದ್ದು ನರೇಗಾ ಕೆಲಸದಿಂದಲ್ಲ, ಹೊರಗಿನ ಕೂಲಿ ಏರಿದ್ದರಿಂದ ಎಂದು ಅಲ್ಲಿ ನಡೆದ ದೊಡ್ಡ ಅಧ್ಯಯನ ಕಂಡುಕೊಂಡಿದೆ. ಕರಾವಳಿಯಲ್ಲಿ ನರೇಗಾದ ಪ್ರಭಾವ ಇದ್ದರೆ ಅದು ಹೆಂಗಸರ ಕೂಲಿಯ ಮೇಲೆ, ಏಕೆಂದರೆ ನರೇಗಾದಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ದರ. ಹೆಕ್ಕುವ, ಸುಲಿಯುವ ಕೆಲಸಕ್ಕೆ ಬರುವ ಹೆಂಗಸರಿಗೆ ಇನ್ನೊಂದು ಆಧಾರ ಬೀಡಿ. ಸಾವಿರ ಬೀಡಿಗೆ ಇಂತಿಷ್ಟು ಎಂದು ಮನೆಯಲ್ಲೇ ಕೂತು ದುಡಿಯಬಹುದಾದರೆ, ಅದಕ್ಕಿಂತ ಕಡಿಮೆಗೆ ಬಿಸಿಲಲ್ಲಿ ಸೊಂಟ ಬಗ್ಗಿಸಿ ಅಡಿಕೆ ಹೆಕ್ಕಲು ಯಾರೂ ಬರಬೇಕಿಲ್ಲ.

ಅಡಿಕೆಯೂ ಬೇರೆ ಬೆಳೆಯನ್ನು ಹೀಗೇ ಒತ್ತಿದೆ. 2021ರಲ್ಲಿ ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದ) ಅಡಿಕೆ ಕಿಲೋಗೆ 500 ರೂಪಾಯಿ ಮುಟ್ಟಿತು. ಆ ಬೆಲೆಯಲ್ಲಿ ತೋಟದವರು ಕೊಡಬಲ್ಲ ಸಂಬಳವನ್ನು ಭತ್ತದ ಗದ್ದೆ ಕೊಡಲಾರದು. ನೇಜಿ ನೆಡಲು, ಕೊಯ್ಯಲು ಜನ ಇಲ್ಲದೆ ಗದ್ದೆ ಹಡಿಲು (ಪಾಳು) ಬಿತ್ತು, ಅಥವಾ ಅದೇ ಗದ್ದೆಗೆ ಅಡಿಕೆ ಸಸಿ ಬಂತು. ಗಾರೆ ಕೆಲಸ ತೋಟಕ್ಕೆ ಮಾಡಿದ್ದನ್ನೇ ತೋಟ ಗದ್ದೆಗೆ ಮಾಡಿತು.

ಇದರಲ್ಲಿ ದೋಟಿಯ ಪಾತ್ರ ಏನು? ಮರ ಹತ್ತುವವನ ಸಂಬಳ ಎಂದರೆ ಸಾಮಾನ್ಯ ಆಳಿನ ಸಂಬಳ, ಅದರ ಮೇಲೆ ಅಪಾಯಕ್ಕೂ ಕೌಶಲಕ್ಕೂ ಸಲ್ಲುವ ಹೆಚ್ಚಿನ ಪಾಲು. ಅವನಿಗೆ ಸಾಮಾನ್ಯ ಆಳಿನ ಎರಡು ಪಟ್ಟು ಎಂದು ಇಟ್ಟುಕೊಳ್ಳೋಣ. ಸಾಮಾನ್ಯ ಸಂಬಳ 500 ಇದ್ದಾಗ ಇಬ್ಬರ ನಡುವಿನ ಅಂತರ 500 ರೂಪಾಯಿ. ಸಾಮಾನ್ಯ ಸಂಬಳ 1,000 ಆದಾಗ ಅಂತರ 1,000. ದೋಟಿ ಉಳಿಸುವುದು ಈ ಅಂತರವನ್ನು ಮಾತ್ರ. ಗಾರೆ ಕೆಲಸದ ಸಂಬಳ ಏರಿದಷ್ಟೂ ದೋಟಿಯ ಪ್ರಯೋಜನ ರೂಪಾಯಿ ಲೆಕ್ಕದಲ್ಲಿ ಹೆಚ್ಚುತ್ತದೆ. ದೋಟಿ ಕಾರ್ಖಾನೆಯ ವಸ್ತು. ಅದರ ಬೆಲೆ ಕೂಲಿಯ ವೇಗದಲ್ಲಿ ಏರಬೇಕಾಗಿಲ್ಲ. ಕೂಲಿ ಕಡಿಮೆ ಇರುವ ಊರಿನಲ್ಲಿ ಮೂಲೆ ಸೇರುವ ದೋಟಿಯೇ ಕೂಲಿ ಹೆಚ್ಚಿರುವ ಊರಿನಲ್ಲಿ ದುಡಿದುಕೊಡುತ್ತದೆ. ಆರಂಭದಲ್ಲಿ ಗಾರೆ ಕೆಲಸದ ಸಂಬಳ ಕೇಳಿ ಎಂದದ್ದು ಇದಕ್ಕೇ.

ಲೆಕ್ಕ ಬಿಡಿಸಿ ಹಾಕುವುದು ಒಳ್ಳೆಯದು. ಕೆಳಗಿನ ದರಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನ ದರ ಹಾಕಿ ಮತ್ತೆ ಮಾಡಿಕೊಳ್ಳಿ. 9 ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರ. ಎರಡು ಎಕರೆಗೆ 1,100. ವರ್ಷಕ್ಕೆ ನಾಲ್ಕು ಕೊಯ್ಲು, ಎರಡು ಸಲ ಮದ್ದು. ಒಟ್ಟು 6,600 ಸಲ ಮರದ ತುದಿ ಮುಟ್ಟಬೇಕು. ಮರ ಹತ್ತುವವನಿಗೆ ದಿನಕ್ಕೆ 2,000, ದಿನಕ್ಕೆ 250 ಮರ: ಮರಕ್ಕೆ 8 ರೂಪಾಯಿ. ದೋಟಿಯವನಿಗೆ 1,000, ದಿನಕ್ಕೆ 200 ಮರ: ಮರಕ್ಕೆ 5 ರೂಪಾಯಿ. ಉಳಿತಾಯ ಮರಕ್ಕೆ 3, ವರ್ಷಕ್ಕೆ 19,800. ದೋಟಿಗೆ 60,000 ಕೊಟ್ಟು, ಲಾಕ್, ಕತ್ತಿ, ಒಡೆದ ಕೊಳವೆ ಎಂದು ವರ್ಷಕ್ಕೆ 6,000 ತೆಗೆದಿಟ್ಟರೆ ಕೈಗೆ ಉಳಿಯುವುದು 13,800. ಹಾಕಿದ ದುಡ್ಡು ವಾಪಸಾಗಲು ನಾಲ್ಕು ವರ್ಷ ದಾಟುತ್ತದೆ. ಎರಡೂ ಸಂಬಳ ವರ್ಷಕ್ಕೆ ಶೇ. 8 ಏರಿದರೆ ನಾಲ್ಕನೇ ವರ್ಷದೊಳಗೇ ವಾಪಸ್.

ಮಾರುವವರು ಹೇಳದಿರುವ ಭಾಗ ಇಲ್ಲಿಂದ ಶುರು. ದೋಟಿ ಹಿಡಿಯಲು ಕಲಿತವನು ಬಹಳ ದಿನ ಸಾಮಾನ್ಯ ಆಳಾಗಿ ಉಳಿಯುವುದಿಲ್ಲ. ಅಕ್ಕಪಕ್ಕದ ಹತ್ತು ತೋಟದವರು ಅವನನ್ನೇ ಕರೆಯತೊಡಗುತ್ತಾರೆ. ಕತ್ತು ಭುಜ ನೋಯುವ ಕೆಲಸ ಬೇರೆ. ಅವನು 1,400 ಕೇಳಿದನೆಂದು ಇಟ್ಟುಕೊಳ್ಳಿ. ಮರಕ್ಕೆ 7 ರೂಪಾಯಿ ಆಯಿತು. ಉಳಿತಾಯ ಮರಕ್ಕೆ 1, ವರ್ಷಕ್ಕೆ 6,600. ದುರಸ್ತಿಗೆ ತೆಗೆದಿಟ್ಟ 6,000 ಕಳೆದರೆ ಬರೀ 600. ದೋಟಿಯ ದುಡ್ಡು ಎಂದೂ ವಾಪಸಾಗದು. ಅವನು ಹಾಗೆ ಕೇಳುವುದು ದುರಾಸೆಯಲ್ಲ. ಮರ ಹತ್ತುವವರಿಗೆ ಕೊಡುವ ಮೊತ್ತ ಊರಿಗೆಲ್ಲ ಗೊತ್ತಿರುವಾಗ, ಅದೇ ಗೊನೆಯನ್ನು ಕೆಳಗಿಳಿಸುವವನು ಆ ಮೊತ್ತಕ್ಕೆ ಹತ್ತಿರವಾಗಿ ಕೇಳುವುದು ಸಹಜ. ದೋಟಿ ಕೊಂಡರೆ ಕೂಲಿಯ ಏರಿಕೆಯಿಂದ ಪೂರ್ತಿ ಬಿಡುಗಡೆ ಎಂಬ ಜಾಹೀರಾತಿನ ಮಾತನ್ನು ನಂಬಿ ದುಡ್ಡು ಹಾಕಬೇಡಿ. ಮನೆಯವರೇ ಹಿಡಿಯುವುದಾದರೆ ಲೆಕ್ಕ ಚೆನ್ನಾಗಿದೆ. ಕೂಲಿಗೇ ಹಿಡಿಸುವುದಾದರೆ ದಿನದ ಸಂಬಳದ ಮೇಲೆ ಮರಕ್ಕಿಷ್ಟು ಎಂದು ಮೊದಲೇ ಮಾತಾಡಿ. ಕೆಲಸ ಬೇಗ ಸಾಗಿದರೆ ಅವನಿಗೂ ಲಾಭ, ನಿಮಗೂ ಲೆಕ್ಕ ಸಿಗುತ್ತದೆ.

ಶಿರಸಿ, ಸಿದ್ದಾಪುರ, ಸಾಗರದ ಕಡೆಯವರಿಗೆ ಇನ್ನೊಂದು ಖರ್ಚು ಸೇರುತ್ತದೆ. ಅಲ್ಲಿ ಕೊನೆಗಾರ (ಮರ ಹತ್ತಿ ಕೊಯ್ಯುವವನು) ಹಗ್ಗದ ಮೇಲೆ ಕೊನೆಯನ್ನು, ಅಂದರೆ ಗೊನೆಯನ್ನು, ಜಾರಿಸಿ ಬಿಡುತ್ತಾನೆ, ಕೆಳಗಿನವನು ಹಿಡಿಯುತ್ತಾನೆ. ಅಡಿಕೆ ಚೆಲ್ಲುವುದು ಕಡಿಮೆ. ದೋಟಿಯಲ್ಲಿ ಕೊಯ್ದದ್ದು ನೆಲಕ್ಕೆ ಬಿದ್ದು ಚೆದುರುತ್ತದೆ. 200 ಮರಕ್ಕೆ ಹೆಕ್ಕಲು ಹೆಚ್ಚಿಗೆ ಒಂದು ಆಳು, 500 ರೂಪಾಯಿ ಎಂದರೆ ಮರಕ್ಕೆ ಎರಡೂವರೆ. ನಾಲ್ಕು ಕೊಯ್ಲಿಗೆ 11,000. ಮೊದಲಿನ ಉಳಿತಾಯ 19,800ರಿಂದ 8,800ಕ್ಕೆ ಇಳಿಯಿತು, ದುರಸ್ತಿ ಕಳೆದರೆ 2,800. ಕೆಂಪಡಿಕೆಗೆ ಹಸಿ ಕಾಯಿ ಕೊಯ್ಯುವವರು ಪೆಟ್ಟು ಬಿದ್ದ ಕಾಯಿಯನ್ನೂ ಎಣಿಸಬೇಕು. ಇಬ್ಬರು ಹಿಡಿಯುವ ಬಲೆಯ ಮೇಲೆ ಬೀಳಿಸಿದರೆ ಚೆದುರುವುದು ತಪ್ಪುತ್ತದೆ, ಆದರೆ ಆ ಇಬ್ಬರಿಗೂ ಸಂಬಳ ಇದೆ. ಹಣ್ಣಡಿಕೆ ಕೊಯ್ದು ಚಾಲಿ ಮಾಡುವ ದಕ್ಷಿಣ ಕನ್ನಡದಲ್ಲಿ ಈ ತೊಂದರೆ ಇಲ್ಲ. ಮರ ಹತ್ತಿ ಕೊಯ್ದರೂ ಗೊನೆ ನೆಲಕ್ಕೇ ಬೀಳುತ್ತದೆ, ಹೆಕ್ಕುವ ಕೆಲಸ ಎರಡಕ್ಕೂ ಸಮ. ಹಾಗಾಗಿ ಇದೇ ದೋಟಿಗೆ ಚಾಲಿ ಸೀಮೆಯಲ್ಲಿ ಐದಕ್ಕೆ ನಾಲ್ಕು ಅಂಕ ಕೊಟ್ಟರೆ ಕೆಂಪಡಿಕೆ ಸೀಮೆಯಲ್ಲಿ ಎರಡೂವರೆಗಿಂತ ಹೆಚ್ಚು ಕೊಡಲಾಗದು.

ಕೊಯ್ಲಿನಲ್ಲಿ ತಪ್ಪುವುದು ಹೆಚ್ಚಾಗಿ ನಿಲ್ಲುವ ಜಾಗ. ಗೊನೆಯ ನೇರ ಕೆಳಗೆ ನಿಲ್ಲಬಾರದು, ತಲೆಗೆ ಹೆಲ್ಮೆಟ್ ಕಡ್ಡಾಯ. ಗೊನೆ ದೋಟಿಯ ಮೇಲೇ ಜಾರಿ ಬಂದರೆ ಕೈಗೂ ಪೆಟ್ಟು, ಕೊಳವೆಗೂ ಪೆಟ್ಟು. ಕಾರ್ಬನ್ ಕೊಳವೆ ಉದ್ದಕ್ಕೆ ಬೀಳುವ ಭಾರ ತಾಳುತ್ತದೆ, ಅಡ್ಡ ಪೆಟ್ಟು ತಾಳುವುದಿಲ್ಲ. ಲೋಹದ ಹಾಗೆ ತಗ್ಗು ಬಿದ್ದು ಎಚ್ಚರಿಸುವುದೂ ಇಲ್ಲ; ಒಳಗೆ ಪದರ ಬಿಟ್ಟಿರುತ್ತದೆ, ಮುಂದಿನ ವಾರ ಭಾರಕ್ಕೆ ಸೀಳುತ್ತದೆ. ಪೆಟ್ಟು ಬಿದ್ದ ಜಾಗವನ್ನು ನಾಣ್ಯದಿಂದ ತಟ್ಟಿ ನೋಡಿ. ಉಳಿದ ಕಡೆ ಗಟ್ಟಿ ಸದ್ದು ಬಂದು ಅಲ್ಲಿ ಮಾತ್ರ ಮಂಕು ಸದ್ದು ಬಂದರೆ ಆ ಕೊಳವೆ ಬದಲಿಸಿ. ಸೀಳಿದ ಕೊಳವೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾರಿನ ಮುಳ್ಳು ಚರ್ಮದೊಳಗೆ ಹೊಕ್ಕರೆ ತೆಗೆಯುವುದು ಕಷ್ಟ.

ಉದ್ದದ ಆಯ್ಕೆಯಲ್ಲಿ ಆಸೆಪಡುವುದು ಬೇಡ. 60 ಅಡಿಯ ದೋಟಿಯನ್ನು 30 ಅಡಿಯ ಮರಕ್ಕೆ ಹಿಡಿದರೂ ಅದರ ಪೂರ್ತಿ ತೂಕ ಕೈಯಲ್ಲೇ ಇರುತ್ತದೆ. ಎಳೆಯ ತೋಟ, ಮಂಗಳ ತಳಿಯ ಗಿಡ್ಡ ಮರಗಳಿದ್ದರೆ ಚಿಕ್ಕದು ಸಾಕು. ತೋಟದಲ್ಲಿ ಹತ್ತಿಪ್ಪತ್ತು ಹಳೆಯ ಎತ್ತರದ ಮರ ಇವೆಯೆಂದು ಇಡೀ ತೋಟಕ್ಕೆ ಉದ್ದನೆಯ ದೋಟಿ ಕೊಳ್ಳುವುದಕ್ಕಿಂತ ಆ ಮರಗಳನ್ನು ಹತ್ತುವವರಿಗೇ ಬಿಡುವುದು ಲೇಸು. 55 ಅಡಿ ಮೀರಿದ ಮರಗಳಲ್ಲಿ ಗಾಳಿಯ ಓಲಾಟ, ಕತ್ತಿನ ನೋವು ಎರಡೂ ಕೆಲಸವನ್ನು ನಿಧಾನ ಮಾಡುತ್ತವೆ. ದೋಟಿಯ ಬುಡ ಕೂರಿಸುವ ಸೊಂಟದ ಬೆಲ್ಟ್ ಸಿಕ್ಕರೆ ತಪ್ಪದೆ ತೆಗೆದುಕೊಳ್ಳಿ.

ಮದ್ದು ಬಿಡುವ ಕೆಲಸದಲ್ಲಿ ದೋಟಿ ಇನ್ನೂ ಕಷ್ಟದ್ದು. ನೀರು ತುಂಬಿದ ಪೈಪು ದೋಟಿಯ ಜೊತೆ ಮೇಲೇರಬೇಕು. 8 ಮಿಲಿಮೀಟರ್ ಒಳವ್ಯಾಸದ ಪೈಪಿನ 18 ಮೀಟರಿನಲ್ಲಿ ದ್ರಾವಣವೇ ಸುಮಾರು 900 ಗ್ರಾಂ. ಪೈಪಿನ ತೂಕ ಬೇರೆ. ಅಷ್ಟು ಎತ್ತರಕ್ಕೆ ಏರಿಸುವುದರಲ್ಲೇ ಚದರ ಸೆಂಟಿಮೀಟರಿಗೆ 1.8 ಕಿಲೋ ಒತ್ತಡ ಕರಗುತ್ತದೆ, ಪೈಪಿನೊಳಗಿನ ಉಜ್ಜಾಟದ ನಷ್ಟ ಪ್ರತ್ಯೇಕ. ಕೈಪಂಪು ಸಾಲದು, ಹೆಚ್ಚು ಒತ್ತಡ ಕೊಡುವ ಒಳ್ಳೆಯ ಎಚ್‌ಟಿಪಿ ಪಂಪು ಬೇಕು. ಕೆಳಗಿನಿಂದ ಹಾರಿಸಿದ ಮದ್ದು ಗೊನೆಯ ಅಡಿಭಾಗಕ್ಕೆ ಮಾತ್ರ ಬೀಳುತ್ತದೆ. ನಾಜಲ್‌ಗೆ ಬಾಗಿದ ಕತ್ತು ಇರಬೇಕು, ತುದಿ ಗೊನೆಗಿಂತ ಮೇಲೆ ಹೋಗಬೇಕು, ಮರದ ಎರಡು ಬದಿಯಿಂದಲಾದರೂ ಬಿಡಬೇಕು. ಹತ್ತಿದವನಿಗೆ ಗೊನೆ ಕಣ್ಣೆದುರೇ ಇರುತ್ತದೆ. ದೋಟಿಯವನು ಅಂದಾಜಿನ ಮೇಲೆ ಬಿಡುವುದರಿಂದ ಮದ್ದು ಹೆಚ್ಚು ಖರ್ಚಾಗುವುದು ಖಚಿತ.

ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ಮದ್ದಿನ ತಯಾರಿ ಸರಿಯಿಲ್ಲದಿದ್ದರೆ ದೋಟಿಯನ್ನು ಬೈದು ಪ್ರಯೋಜನವಿಲ್ಲ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಬೇರೆ 50 ಲೀಟರಿನಲ್ಲಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು. ತೊಳೆದ ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ತಾಮ್ರ ಹೆಚ್ಚಿದೆ, ಸುಣ್ಣದ ನೀರು ಸೇರಿಸಿ. ಸುಣ್ಣವನ್ನು ಸರಿಯಾಗಿ ಸೋಸದಿದ್ದರೆ 60 ಅಡಿ ಮೇಲಿನ ನಾಜಲ್ ಕಟ್ಟುತ್ತದೆ, ಪ್ರತಿ ಸಲ ಇಡೀ ದೋಟಿ ಇಳಿಸಿ ಬಿಡಿಸಬೇಕಾಗುತ್ತದೆ; ಒಂದು ಬ್ಯಾರೆಲಿಗೆ ನಾಲ್ಕು ಸಲ ಹೀಗಾದರೆ ಆ ದಿನದ ಸಂಬಳ ಅದಕ್ಕೇ ಹೋಯಿತು. ಕೆಲಸ ಮುಗಿದ ಕೂಡಲೇ ದೋಟಿಗೂ ಲಾಕ್‌ಗೂ ಶುದ್ಧ ನೀರು ಹಾಯಿಸಿ. ತಾಮ್ರದ ಉಳಿಕೆ ಅಲ್ಯೂಮಿನಿಯಂ ಲಾಕನ್ನು ತಿನ್ನುತ್ತದೆ, ಕಾರ್ಬನ್‌ಗೆ ತಾಗಿಕೊಂಡಿರುವ ಲೋಹ ಒದ್ದೆಯಲ್ಲಿ ಇನ್ನೂ ಬೇಗ ಸವೆಯುತ್ತದೆ.

ಇಷ್ಟೆಲ್ಲ ಕಷ್ಟವಿದ್ದರೂ ಮದ್ದಿನ ಹೊತ್ತಿನಲ್ಲೇ ದೋಟಿ ತನ್ನ ಬೆಲೆ ತೀರಿಸುತ್ತದೆ. ಕೊಯ್ಲನ್ನು ಹತ್ತು ದಿನ ಮುಂದೂಡಬಹುದು. ಕೊಳೆರೋಗದ ಮದ್ದನ್ನು ಮುಂದೂಡಲಾಗದು. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40ರಿಂದ 45 ದಿನಕ್ಕೆ ಇನ್ನೊಂದು ಸಲ; ಆ ಎರಡನೆಯದಕ್ಕೆ ಮಳೆ ಬಿಟ್ಟ ನಾಲ್ಕೈದು ದಿನ ಸಿಕ್ಕರೆ ಪುಣ್ಯ. ಅದೇ ನಾಲ್ಕು ದಿನಕ್ಕೆ ಇಡೀ ಊರು ಅದೇ ಐದಾರು ಜನರನ್ನು ಕರೆಯುತ್ತದೆ, ಒಂದು ಬ್ಯಾರೆಲ್ ಮದ್ದು ಬಿಡುವ ದರ ಏರುತ್ತದೆ, ದರ ಕೊಟ್ಟರೂ ಸರದಿ ಬರುವಷ್ಟರಲ್ಲಿ ನಳ್ಳಿ (ಎಳೆಯ ಕಾಯಿ) ಉದುರಲು ಶುರುವಾಗಿರುತ್ತದೆ. ಆಗ ಲೆಕ್ಕ ಹಾಕಬೇಕಾದದ್ದು ಮರಕ್ಕೆ 3 ರೂಪಾಯಿಯ ಉಳಿತಾಯವನ್ನಲ್ಲ, ಉಳಿದ ಫಸಲನ್ನು. ಜನ ಸಕಾಲಕ್ಕೆ ಸಿಗದ ಊರಿನಲ್ಲಿ ಮೇಲಿನ ನಾಲ್ಕು ವರ್ಷದ ಲೆಕ್ಕ ಒಂದೇ ಮಳೆಗಾಲಕ್ಕೆ ತೀರಬಹುದು.

ಅಪಾಯದ ಮಾತು ಒಂದಿದೆ, ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ಅಲ್ಯೂಮಿನಿಯಂ ಮಾತ್ರ ಅಪಾಯ, ಇದು ‘ಫೈಬರ್’ ಎಂದುಕೊಂಡವರ ಜೀವಕ್ಕೆ ಕುತ್ತು. ಹಿಡಿಕೆಯ ಮೇಲೆ ರಬ್ಬರ್ ಸುತ್ತಿದ್ದರೂ 11 ಕೆವಿ ಲೈನಿಗೆ ಅದು ತಡೆಯಲ್ಲ. ಮದ್ದಿನ ನೀರು ಸುರಿದು ಒದ್ದೆಯಾದ ದೋಟಿಯಂತೂ ಇನ್ನೂ ಕೆಟ್ಟದ್ದು. 60 ಅಡಿಯ ದೋಟಿ ಕೈತಪ್ಪಿ ವಾಲಿದರೆ 60 ಅಡಿ ದೂರ ಮುಟ್ಟುತ್ತದೆ. ಲೈನಿನ ಕೆಳಗಿನ ನೆಲದಿಂದ ಎರಡೂ ಬದಿಗೆ ದೋಟಿಯ ಪೂರ್ತಿ ಉದ್ದ ಅಳೆದು, ಆ ಪಟ್ಟಿಯೊಳಗಿನ ಮರಗಳ ಕಾಂಡಕ್ಕೆ ಕೆಂಪು ಬಣ್ಣ ಬಳಿಯಿರಿ. ಅಲ್ಲಿ ನಿಮ್ಮೂರಿನ ವಿದ್ಯುತ್ ಕಂಪನಿಗೆ (ಮೆಸ್ಕಾಂ ಅಥವಾ ಹೆಸ್ಕಾಂ) ತಿಳಿಸಿ ಲೈನ್ ಆಫ್ ಮಾಡಿಸದೆ ದೋಟಿ ಎತ್ತಲೇಬಾರದು. ಸಿಡಿಲು ಗುಡುಗಿನ ಸಂಜೆ ತೋಟದಲ್ಲಿ ದೋಟಿ ನಿಲ್ಲಿಸಬಾರದು.

ಹಾಗೆಂದು ಮರ ಹತ್ತುವವರ ಕೆಲಸ ಮುಗಿಯಿತು ಎನ್ನುವವರ ಮಾತು ಒಪ್ಪುವಂಥದ್ದಲ್ಲ. ಎತ್ತರದ ಮರ, ಲೈನಿನ ಪಕ್ಕದ ಮರ, ಕೆಂಪಡಿಕೆಯ ಕೊಯ್ಲು, ದಟ್ಟ ಸೋಗೆಯ ನಡುವಿನ ಗೊನೆ ಎಲ್ಲಕ್ಕೂ ಅವರೇ ಬೇಕು. ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಆವರಣದಲ್ಲಿ ನಡೆದ ‘ಅಡಿಕೆ ಕೌಶಲ್ಯ ಪಡೆ’ ತರಬೇತಿ ಯುವಕರಿಗೆ ಮರ ಹತ್ತಲು ಕಲಿಸಿದ್ದು ಈ ಅಗತ್ಯ ಕಂಡೇ. ಅವರಿಗೆ ಕೊಡುವ ಹೆಚ್ಚಿನ ಪಾಲು ಪ್ರಾಣದ ಮೇಲಿನ ಅಪಾಯಕ್ಕೆ ಸಲ್ಲುವ ನ್ಯಾಯವಾದ ಹಣ. ವಿಮೆಯ ಕಂತನ್ನು ಅದರ ಮೇಲೆ ತೋಟದವರೇ ಕಟ್ಟುವುದು ಸರಿ.

ಒಂದು ಎಕರೆಗಿಂತ ಕಡಿಮೆ ತೋಟದವರು ಸ್ವಂತಕ್ಕೆ ಕೊಳ್ಳಬೇಡಿ. ಮೇಲಿನ ಲೆಕ್ಕದಲ್ಲಿ ಒಂದು ಎಕರೆಯ ಉಳಿತಾಯ 9,900, ದುರಸ್ತಿ ಮಾತ್ರ ಮೊದಲಿನಷ್ಟೇ, 6,000. ಹದಿನೈದು ವರ್ಷಕ್ಕೂ ದುಡ್ಡು ಬರುವುದಿಲ್ಲ. ಮೂರು ನಾಲ್ಕು ಮನೆಯವರು ಸೇರಿ ಒಂದನ್ನು ಕೊಳ್ಳಬಹುದು, ಆದರೆ ಮದ್ದಿನ ಸರದಿಯನ್ನು ಮೇ ತಿಂಗಳಲ್ಲೇ ಬರೆದಿಟ್ಟುಕೊಳ್ಳಿ. ಊರಿನ ಸೊಸೈಟಿ ಬಾಡಿಗೆಗೆ ಕೊಡುವಂತಿದ್ದರೆ ಅದು ಇನ್ನೂ ಒಳ್ಳೆಯದು. ಮರಕ್ಕಿಷ್ಟು ಎಂದು ದರ ಹಿಡಿಯುವ ದೋಟಿ ತಂಡವನ್ನು ಕರೆಸುವವರು ಹೆಕ್ಕುವುದು, ಪಂಪು, ಡೀಸೆಲ್, ಊಟ ಯಾರದ್ದು ಎಂದು ಮೊದಲೇ ಕೇಳಿ. ಒಡೆದ ಕೊಳವೆಯ ಖರ್ಚು ಅವರದ್ದೇ ಎಂದು ಬರೆಸಿಕೊಳ್ಳಿ.

ಕೊಳ್ಳಲು ತೀರ್ಮಾನಿಸಿದವರು ಸಬ್ಸಿಡಿ ಇದೆಯೇ ಎಂದು ಹಣ ಕಟ್ಟುವ ಮೊದಲು ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಕೊಂಡ ಮೇಲೆ ಅರ್ಜಿ ಹಾಕಿದರೆ ಸಿಗದೆ ಹೋಗಬಹುದು. ಬಿಡಿ ಕೊಳವೆ ಎಷ್ಟು ದಿನಕ್ಕೆ ಬರುತ್ತದೆ, ಅದರ ಬೆಲೆ ಎಷ್ಟು, ಲಾಕ್ ಪ್ರತ್ಯೇಕವಾಗಿ ಸಿಗುತ್ತದೆಯೇ ಎಂಬುದನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಮೇಲಿನಿಂದ ಎರಡನೆಯ, ಮೂರನೆಯ ಕೊಳವೆಗಳಿಗೇ ಬೀಳುವ ಗೊನೆಯ ಪೆಟ್ಟು ಹೆಚ್ಚು. ಆ ಎರಡನ್ನು ದೋಟಿಯ ಜೊತೆಗೇ ಹೆಚ್ಚುವರಿಯಾಗಿ ತೆಗೆದಿಟ್ಟುಕೊಂಡರೆ ಮಳೆಗಾಲದ ನಡುವೆ ಕೆಲಸ ನಿಲ್ಲುವುದಿಲ್ಲ. ಮಳೆ ಮುಗಿದು ಕೊಯ್ಲು ಶುರುವಾಗುವವರೆಗೆ ದೋಟಿಯನ್ನು ಒಣಗಿಸಿ, ಮಡಚಿ, ಬಿಸಿಲು ಬೀಳದ ಅಟ್ಟದಲ್ಲಿ ಮೂರು ಕಡೆ ಆಧಾರ ಕೊಟ್ಟು ಅಡ್ಡಲಾಗಿ ಮಲಗಿಸಿಡಿ.